ಮೂರು ನಕ್ಷತ್ರದ ಬಿಲ್ಲೆ

ಹುಣಸೆಹುಳಿ ಕಿವುಚಿಟ್ಟುಕೊಂಡು, ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕೂತು ದೇವರ ಸಾಮಾನು ಉಜ್ಜುತ್ತಿದ್ದೆ. ಎರಡು ದೀಪ, ಗಂಟೆ, ಪಂಚಪಾತ್ರೆ, ಆರತಿ ತಟ್ಟೆ ಇಷ್ಟೂ ಆಗಿ, ಊದುಬತ್ತಿ ಸಿಗಿಸುವ ಬಟ್ಟಲನ್ನು ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ನಮ್ಮನೆಯವರು ಪೇಟೆಯಿಂದ ಬಂದರು. ಚೀಲ ಕೆಳಗಿಡುವ ಮೊದಲೇ ಸುದ್ದಿ ಕೆಳಗಿಟ್ಟರು.

"ರತ್ನಕ್ಕನ ಮನೆಯವರು ನಾಳೆ ಹೊರಟ್ರಂತೆ ಮಾರಾಯ್ತಿ. ಬೆಳಿಗ್ಗೆ ಏಳಕ್ಕೇ ಲಾರಿ ಬರ್ತದಂತೆ."

"ಎಲ್ಲಿಗೆ?"

"ಮುತ್ತಿನಕೊಪ್ಪಕ್ಕೆ. ಅಲ್ಲಿ ಮನೆ ಕಟ್ಟಿಸ್ತಿದ್ರಲ್ಲ, ಮುಗೀತಂತೆ. ಸೊಸೆಗೂ ಎನ್ನಾರ್ ಪುರದ ಶಾಲೆಗೆ ವರ್ಗ ಆಯ್ತಂತೆ. ಎಲ್ಲಾ ಒಟ್ಟಿಗೇ ಹೋಗ್ತಾರೆ."

ರತ್ನಕ್ಕನ ಮನೆ ಎಲ್ಲಿ ಅಂತೀರಿ? ಕೊಪ್ಪದ ನಮ್ಮ ಓಣಿಯಲ್ಲಿ, ನಮ್ಮ ಬಾಗಿಲಿಗೆ ಎದುರು ಬಾಗಿಲು. ನಡುವೆ ಇರುವುದು ಒಂದು ಆಟೋ ಕಷ್ಟಪಟ್ಟು ಹೋಗುವಷ್ಟು ರಸ್ತೆ. ಅವರ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದನ್ನು ನಾನು ಇಲ್ಲಿಂದಲೇ ಎಣಿಸಬಲ್ಲೆ. ಅಂಥ ಮನೆಯ ಸುದ್ದಿ ನನ್ನ ಹತ್ತಿರ ಬರಲು ಬಸ್‌ಸ್ಟ್ಯಾಂಡು, ಔಷಧಿ ಅಂಗಡಿ ಎಲ್ಲ ಸುತ್ತಿ ಬರಬೇಕಾಯಿತು. ಅದರ ಕಾರಣ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಹಾಗಾಗಿ ಸ್ವಲ್ಪ ಸುತ್ತಿ ಬರುತ್ತೇನೆ. ಮೊದಲು ಈ ಉಜ್ಜಾಟ ಯಾಕೆ ಶುರುವಾಯಿತು ಅನ್ನುವುದನ್ನು ಹೇಳಿಬಿಡುತ್ತೇನೆ.

ಕೆಲವು ತಿಂಗಳಿಂದ ನನಗೆ ಸರಿ ಇರಲಿಲ್ಲ. ಎದೆ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟು ಮರೆತು ಹೋದ ಹಾಗೆ. ಸಣ್ಣ ಮಾತಿಗೂ ಸಿಡುಕು. ಪಾಪ, ನಮ್ಮನೆಯವರು "ಕಾಫಿ" ಅಂದರೂ ಜಗಳ, ಅನ್ನದಿದ್ದರೂ ಜಗಳ. ಕಡೆಗೆ ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಚಿಕ್ಕ ಹುಡುಗಿ, ಆದರೆ ಬಾಯಲ್ಲಿ ಸಮಾಧಾನ ಇರುವ ಡಾಕ್ಟರು. ಎಲ್ಲಾ ನೋಡಿ, "ಅಮ್ಮ, ಬಿಪಿ ನನ್ನದಕ್ಕಿಂತ ನಿಮ್ಮದೇ ಚೆನ್ನಾಗಿದೆ" ಅಂದರು. ಆಮೇಲೆ ಕೇಳಿದರು, "ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗೆ ಏನು ಕಾಣುತ್ತೆ?"

"ದೇವರ ದಯ, ಎಲ್ಲಾ ಕಾಣುತ್ತೆ. ಪೇಪರ್ ಓದೋಕೆ ಮಾತ್ರ ಕನ್ನಡಕ."

"ಕಣ್ಣಿನ ಪರೀಕ್ಷೆ ಅಲ್ಲಮ್ಮ. ಮಲಗುವ ಕೋಣೆಯಲ್ಲಿ ಎದುರಿಗೆ ಏನಿದೆ?"

ಹೇಳಲು ಶುರು ಮಾಡಿದೆ. ಬೀರು. ಬೀರುವಿನ ಮೇಲೆ ಮೂರು ಸೂಟ್‌ಕೇಸು. ಅದರ ಮೇಲೆ ಮಿಕ್ಸಿ ತಂದ ಡಬ್ಬ, ಮಿಕ್ಸಿ ಅಲ್ಲ, ಬರೀ ಡಬ್ಬ. ಅದರ ಮೇಲೆ ಇವರ ಹಳೇ ಕೊಡೆಗಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ಮಾತ್ರೆ ಬೇಡ. ದಿನಕ್ಕೆ ಒಂದು ಜಾಗ ಖಾಲಿ ಮಾಡಿ. ಒಂದು ವರ್ಷದಿಂದ ಮುಟ್ಟದ ಸಾಮಾನು ಬೇಕಾದವರಿಗೆ ಕೊಟ್ಟುಬಿಡಿ. ಮನೆ ಹಗುರವಾದರೆ ಮನಸ್ಸೂ ಆಗುತ್ತೆ, ನೋಡಿ."

ದಾರಿಯಲ್ಲಿ ಇವರು, "ಒಂದು ವರ್ಷದಿಂದ ಮುಟ್ಟದ್ದು ಅಂದ್ರೆ ಮೊದಲು ಹೋಗಬೇಕಾದ್ದು ನಿನ್ನ ವಾಕಿಂಗ್ ಶೂ" ಅಂದರು. ಮಾತ್ರೆ ಇಲ್ಲದೆ ಮುಗಿಯಿತಲ್ಲ, ಅದೇ ದೊಡ್ಡದು.

ಬಿಸಾಡುವುದು ಸುಲಭ ಅಂತ ತಿಳಿದವರು ನಮ್ಮನೆಗೆ ಬರಬೇಕು. ಮೊದಲ ದಿನ ಕೊಡೆ ಇಳಿಸಿದೆ. ಹನ್ನೊಂದು. ಕೆಲವಕ್ಕೆ ಬಟ್ಟೆ ಇದ್ದು ಕಡ್ಡಿ ಇಲ್ಲ, ಕೆಲವಕ್ಕೆ ಕಡ್ಡಿ ಇದ್ದು ಹಿಡಿ ಇಲ್ಲ. "ಒಂದರ ಕಡ್ಡಿ ಇನ್ನೊಂದಕ್ಕೆ ಆಗ್ತದೆ, ಇರಲಿ" ಅಂತ ಇವರು ಹನ್ನೊಂದನ್ನೂ ಮತ್ತೆ ಮೇಲಿಟ್ಟರು. ಎರಡನೇ ದಿನ ಕ್ಯಾಲೆಂಡರು. ಹಳೇ ಕ್ಯಾಲೆಂಡರು ಎಸೆಯೋಣ ಅಂದರೆ ಎಲ್ಲದರಲ್ಲೂ ದೇವರು. ಲಕ್ಷ್ಮಿಯನ್ನು ಗುಜರಿಯವನ ತಕ್ಕಡಿಯಲ್ಲಿ ಕೂರಿಸಲು ಕೈ ಬರುತ್ತದೆಯೇ? ಕತ್ತರಿ ತಂದು ತಾರೀಕಿನ ಭಾಗ ಮಾತ್ರ ಕತ್ತರಿಸಿ ಹಾಕಿದೆ. ಹತ್ತೊಂಬತ್ತು ವರ್ಷದ ತಾರೀಕು ಹೋಯಿತು, ಹತ್ತೊಂಬತ್ತು ದೇವರು ಹಾಗೇ ಉಳಿದರು.

ಮೂರನೇ ದಿನ ಅಡುಗೆ ಮನೆಯ ಅಟ್ಟ. ಅಲ್ಲಿ ನನಗೆ ನನ್ನ ಮೇಲೇ ಅನುಮಾನ ಶುರುವಾಯಿತು. ಚಕ್ಕುಲಿ ಒರಳು ಮೂರು. ಅಲ್ಯೂಮಿನಿಯಂನದು ಒಂದು, ಸ್ಟೀಲಿನದು ಒಂದು, ತಿರುಪು ತಿರುಗಿಸುವ ಹೊಸ ನಮೂನೆಯದು ಒಂದು. ಮೂರರಲ್ಲೂ ನೆಟ್ಟಗೆ ಚಕ್ಕುಲಿ ಬಂದದ್ದಿಲ್ಲ. ಪಕ್ಕದಲ್ಲಿ ದೊಡ್ಡ ಬಾಣಲೆ ಎರಡು, ಇಡ್ಲಿ ಪಾತ್ರೆ ಎರಡು, ಹಪ್ಪಳ ಒತ್ತುವ ಮಣೆ. ಇಬ್ಬರೇ ಇರುವ ಮನೆಗೆ ಇಷ್ಟೆಲ್ಲ ಯಾರು ತಂದದ್ದು? ನಾನೇ. ಯಾವಾಗ? ಎಲ್ಲವೂ ಈ ಏಳು ವರ್ಷದೊಳಗೆ.

ನಾನು ಹುಟ್ಟಿ ಬೆಳೆದದ್ದು ಕೆರೆಕಟ್ಟೆ ಕಡೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಮೂರು ಮನೆ, ಆಚೆಗೆ ಕಾಡು. ಮೂರು ಮನೆಗೂ ಸೇರಿ ಶ್ಯಾವಿಗೆ ಒರಳು ಒಂದು, ದೊಡ್ಡ ಉರುಳಿ ಒಂದು, ಜರಡಿ ಒಂದು. ಯಾವುದು ಯಾರದ್ದು ಅನ್ನುವುದು ದೊಡ್ಡವರಿಗೆ ಗೊತ್ತಿತ್ತೇನೋ. ನಮಗೆ ಗೊತ್ತಿದ್ದದ್ದು ಅದು ಈಗ ಯಾರ ಮನೆಯಲ್ಲಿದೆ ಅನ್ನುವುದು ಮಾತ್ರ. ಅದನ್ನು ತರುವುದು, ಕೊಡುವುದು ನನ್ನ ಕೆಲಸ. ಅಮ್ಮನದು ಒಂದೇ ಕಾಯಿದೆ: ಬೇರೆಯವರ ಪಾತ್ರೆಯನ್ನು ಖಾಲಿ ವಾಪಸ್ಸು ಕಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವಾದರೂ ಇರಬೇಕು. ಆ ಬೆಲ್ಲ ದಾರಿಯಲ್ಲಿ ನನ್ನ ಬಾಯಿಗೆ ಹೋಗುತ್ತಿತ್ತು. ಪಾತ್ರೆ ಖಾಲಿ ಆಗಬಾರದಲ್ಲ, ಬೇಲಿಯ ದಾಸವಾಳ ಕಿತ್ತು ಹಾಕುತ್ತಿದ್ದೆ. ಒಂದು ದಿನ ಮೇಲಿನ ಮನೆ ದೊಡ್ಡಮ್ಮ ಅಂಗಳದಿಂದಲೇ ಕೂಗಿದರು: "ಎಂತದೇ, ನಿನ್ನಮ್ಮ ಬೆಲ್ಲ ಬಿಟ್ಟು ಹೂವಿನ ಪೂಜೆ ಶುರು ಮಾಡಿದ್ಲಾ ನಂಗೆ?" ಅವತ್ತು ತಿಂದ ಪೆಟ್ಟು ಬೆಲ್ಲಕ್ಕಿಂತ ಚೆನ್ನಾಗಿ ನೆನಪಿದೆ.

ಹಾಗೆ ಬೆಳೆದವಳು ಮದುವೆಯಾಗಿ ಕೊಪ್ಪಕ್ಕೆ ಬಂದಾಗ ಎದುರು ಮನೆಯಲ್ಲಿ ರತ್ನಕ್ಕ ಸಿಕ್ಕಿದರು. ನನಗಿಂತ ಆರೇಳು ವರ್ಷ ದೊಡ್ಡವರು. ನಮ್ಮ ಏಣಿ ಅವರಿಗೆ, ಅವರ ಬಾಣಲೆ ನಮಗೆ. ಅವರ ಹತ್ತಿರ ಒಂದು ಹಿತ್ತಾಳೆ ಚಕ್ಕುಲಿ ಒರಳಿತ್ತು. ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು. ತಳಕ್ಕೆ ಹಾಕುವ ತೂತಿನ ಬಿಲ್ಲೆಗಳು ಐದು. ಅದರಲ್ಲಿ ಚಕ್ಕುಲಿಯ ಬಿಲ್ಲೆಗೆ ಮೂರು ನಕ್ಷತ್ರದ ತೂತು. ಅದರಲ್ಲಿ ಒತ್ತಿದರೆ ಮುಳ್ಳು ಮುಳ್ಳಾಗಿ ಎಂಥಾ ಚಕ್ಕುಲಿ ಬರುತ್ತಿತ್ತು ಅಂತೀರಿ. ಪ್ರತಿ ವರ್ಷ ಕೃಷ್ಣಾಷ್ಟಮಿಗೆ ಅದು ಮೊದಲು ಅವರ ಮನೆಯಲ್ಲಿ, ಮಾರನೇ ದಿನ ನಮ್ಮನೆಯಲ್ಲಿ.

ಏಳು ವರ್ಷದ ಹಿಂದೆ, ಹಾಗೆ ತಂದ ಒರಳನ್ನು ತೊಳೆದು ಒಣಗಿಸಿ, ಒಳಗೆ ಚಕ್ಕುಲಿ ತುಂಬಿ ವಾಪಸ್ಸು ಕೊಟ್ಟು ಬಂದೆ. ಸಂಜೆ ರತ್ನಕ್ಕ ಬಂದರು.

"ಗಿರಿಜಾ, ನಕ್ಷತ್ರದ ಬಿಲ್ಲೆ ಇಲ್ಲ ಕಣೆ. ಇಲ್ಲೇ ಉಳೀತಾ ನೋಡು."

"ಐದೂ ಹಾಕಿಯೇ ಕೊಟ್ಟಿದ್ದೀನಿ ರತ್ನಕ್ಕ."

"ನಾಲ್ಕೇ ಇದೆ. ನೋಡು ಅಂದೆ, ಅಷ್ಟೆ."

"ನೋಡಿದೀನಿ."

"ಇನ್ನೊಂದ್ಸಲ ನೋಡಿದ್ರೆ ಕಣ್ಣೇನು ಸವೀತದಾ?"

ಈಗ ನೆನೆದರೆ ಅದೊಂದು ಮಾತೇ ಅಲ್ಲ. ಆದರೆ ಅವತ್ತು ಹಬ್ಬದ ಕೆಲಸ ಮಾಡಿ ಸೊಂಟ ಬಿದ್ದುಹೋಗಿತ್ತು, ಮೈಯೆಲ್ಲ ಎಣ್ಣೆ ವಾಸನೆ. ನನಗೆ ಕಳ್ಳಿ ಅಂದ ಹಾಗೆ ಕೇಳಿಸಿತು. ದೇವರ ದೀಪ ಹಚ್ಚುತ್ತಿದ್ದವಳು ದೀಪದ ಮೇಲೇ ಕೈಯಿಟ್ಟೆ. "ನಿಮ್ಮ ಬಿಲ್ಲೆ ಈ ಮನೇಲಿದ್ರೆ ಈ ದೀಪವೇ ನನ್ನ ನೋಡ್ಕೊಳ್ಲಿ" ಅಂದುಬಿಟ್ಟೆ.

ರತ್ನಕ್ಕನ ಮುಖ ಸಣ್ಣದಾಯಿತು. "ಒಂದು ಬಿಲ್ಲೆಗೆ ದೀಪ ಮುಟ್ಟುವಷ್ಟು ದೊಡ್ಡೋಳಾದ್ಯಾ" ಅಂದವರು ಹೋದರು.

ಜಗಳ ಅಲ್ಲ. ಜಗಳವಾದರೆ ಮುಗಿಯುತ್ತದೆ. ಇದು ಮರ್ಯಾದೆ. "ಊಟ ಆಯ್ತಾ?" "ಆಯ್ತು. ನಿಮ್ಮದು?" "ಆಯ್ತು." ಏಳು ವರ್ಷ ಇಷ್ಟೇ. ಅವರನ್ನು ಕೇಳಬಾರದು ಅಂತ ನಾನು ಒರಳು ತಂದೆ. ಅದು ಸರಿ ಬರಲಿಲ್ಲ ಅಂತ ಇನ್ನೊಂದು. ಬಾಣಲೆ ಕೇಳಬಾರದು ಅಂತ ಬಾಣಲೆ. ಅಟ್ಟದ ಮುಂದೆ ಸ್ಟೂಲಿನ ಮೇಲೆ ನಿಂತು ಒಂದೊಂದೇ ಇಳಿಸುತ್ತಿರುವಾಗ ತಿಳಿಯಿತು: ನಮ್ಮನೆಯ ಅರ್ಧ ಸಾಮಾನು ಬೇಕಾಗಿ ಬಂದದ್ದಲ್ಲ, ಹಠಕ್ಕೆ ಬಂದದ್ದು.

ನಾಲ್ಕನೇ ದಿನದ ಸರದಿ ದೇವರ ಕೋಣೆಯದ್ದು. ಅದೇ ನಾನು ಮೊದಲು ಹೇಳಿದ, ಹುಣಸೆಹುಳಿ ಹಿಡಿದು ಕೂತಿದ್ದ ದಿನ. ರತ್ನಕ್ಕ ಹೋಗುವ ಸುದ್ದಿ ಕೇಳಿ ಕೈ ಒಂದು ಗಳಿಗೆ ನಿಂತಿತು. ಏನು ಮಾಡುವುದು ಅಂತ ತೋಚದೆ ಮತ್ತೆ ಉಜ್ಜಿದೆ.

ಆ ಊದುಬತ್ತಿ ಬಟ್ಟಲನ್ನು ನಾನು ತೊಳೆಯುವುದೇ ಇಲ್ಲ. ಒಳಗೆ ಮರಳು, ಮೇಲೆ ತೂತಿನ ಮುಚ್ಚಳ. ನೀರು ತಾಗಿಸಿದರೆ ಮರಳು ಒದ್ದೆಯಾಗುತ್ತದೆ ಅಂತ ಬೂದಿ ಕೊಡವಿ ಇಟ್ಟುಬಿಡುವುದು. ಎಣ್ಣೆ, ಬೂದಿ, ಕುಂಕುಮ ಸೇರಿ ಮುಚ್ಚಳ ಕಪ್ಪು ಕಲ್ಲಿನ ಹಾಗಾಗಿತ್ತು. ಅವತ್ತು ಮರಳು ಸುರಿದು, ಮುಚ್ಚಳ ಬಿಡಿಸಿ, ಹುಳಿ ಹಾಕಿ ತಿಕ್ಕಿದೆ. ಹಿತ್ತಾಳೆ ಬಿಟ್ಟುಕೊಂಡು ಬಂತು. ತೂತಿನೊಳಗಿನ ಕಿಟ್ಟವನ್ನು ಕಡ್ಡಿಯಲ್ಲಿ ತೆಗೆದೆ. ಒಂದು ನಕ್ಷತ್ರ. ಇನ್ನೊಂದು. ಮತ್ತೊಂದು.

ರತ್ನಕ್ಕನ ಬಿಲ್ಲೆ.

"ಬನ್ನಿ ಇಲ್ಲಿ" ಅಂತ ಕೂಗಿದ ರೀತಿಗೆ ಇವರು ಹಾವು ಬಂತು ಅಂತ ಕೋಲು ಹಿಡಿದೇ ಬಂದರು.

"ಇದು ಎಲ್ಲಿತ್ತು?"

"ಯಾವುದು, ಊದುಬತ್ತಿ ಮುಚ್ಚಳವಾ? ಯಾವುದೋ ವರ್ಷ ಅಷ್ಟಮಿ ಹೊತ್ತಿಗೆ ಅಡುಗೆ ಮನೆ ಕಿಟಕಿ ಮೇಲೆ ಬಿದ್ದಿತ್ತು. ಬಟ್ಟಲಿನ ಬಾಯಿಗೆ ಸರಿಯಾಗಿ ಕೂತಿತು. ನೀನೇ ಚೆನ್ನಾಗಿದೆ ಅಂದಿದ್ದೆ."

ಹೌದು, ಅಂದಿದ್ದೆ. ಪೇಟೆಯಿಂದ ಹೊಸ ಬಟ್ಟಲು ತಂದಿದ್ದಾರೆ ಅಂತ ತಿಳಿದು ಹೊಗಳಿದ್ದೆ. ಇವರು ಹೊಗಳಿಕೆಯನ್ನು ಹಾಗೇ ಇಟ್ಟುಕೊಂಡಿದ್ದರು.

"ರತ್ನಕ್ಕ ಬಿಲ್ಲೆ ಬಿಲ್ಲೆ ಅಂತ ಬಂದಾಗ ನಿಮಗೆ ಹೊಳೀಲಿಲ್ವಾ ಮಾರಾಯ್ರೆ?"

"ಹೆಂಗಸರ ಮಾತಿನ ಮಧ್ಯ ಯಾಕೆ ಅಂತ ನಾನು ಹೊರಗೆ ಹೋಗಿದ್ದೆ."

ನಾನು ಆಣೆ ಹಾಕುವಾಗ ಅದು ದೇವರ ಮುಂದೆ, ನನ್ನ ಮೂಗಿನ ಕೆಳಗೇ ಹೊಗೆಯಾಡುತ್ತಿತ್ತು. ಏಳು ವರ್ಷ, ದಿನಕ್ಕೆ ಎರಡು ಹೊತ್ತು, ಅದರ ಮುಂದೆಯೇ ಕೈಮುಗಿದು "ಯಾರಿಗೂ ಕೆಟ್ಟದ್ದು ಮಾಡಿಲ್ಲಪ್ಪ" ಅಂದಿದ್ದೇನೆ. ದೀಪ ನನ್ನನ್ನು ಏನೂ ಮಾಡಲಿಲ್ಲ. ಕಾದು ನೋಡುತ್ತಿತ್ತೇನೋ. ನಾಳೆ ಏಳಕ್ಕೆ ಲಾರಿ ಬಂದರೆ ಆ ಸುಳ್ಳು ನನ್ನ ಹತ್ತಿರವೇ ಉಳಿದುಹೋಗುತ್ತದೆ. ಅದನ್ನು ಯಾವ ಅಟ್ಟದಲ್ಲಿಡಲಿ?

ಸೀರೆ ಕೂಡ ಬದಲಾಯಿಸಲಿಲ್ಲ. ಒಂದು ಬಟ್ಟಲಲ್ಲಿ ಬೆಲ್ಲ ಹಾಕಿ, ಅದರ ಮೇಲೆ ಬಿಲ್ಲೆಯಿಟ್ಟು ರಸ್ತೆ ದಾಟಿದೆ. ಹತ್ತು ಹೆಜ್ಜೆ ಇರಬಹುದು. ಶೃಂಗೇರಿಗೆ ನಡೆದು ಹೋಗಿದ್ದರೂ ಅಷ್ಟು ಆಯಾಸವಾಗುತ್ತಿರಲಿಲ್ಲ.

ರತ್ನಕ್ಕ ಡಬ್ಬಗಳ ನಡುವೆ ಕೂತು ಚೀಲದ ಬಾಯಿ ಹೊಲಿಯುತ್ತಿದ್ದರು. ತಲೆಯೆತ್ತಿ ನೋಡಿ, ಮತ್ತೆ ಸೂಜಿ ನೋಡಿದರು.

"ಹೇಳೋಕೆ ಬಂದ್ಯಾ, ಕೇಳೋಕೆ ಬಂದ್ಯಾ?"

"ಕೊಡೋಕೆ ಬಂದೆ."

ಬಟ್ಟಲು ಮುಂದಿಟ್ಟೆ. ಅವರು ಬಿಲ್ಲೆಯನ್ನು ತೆಗೆದು ಬೆಳಕಿಗೆ ಹಿಡಿದರು. ಮೂರು ನಕ್ಷತ್ರದ ಬಿಸಿಲು ಅವರ ಕೆನ್ನೆ ಮೇಲೆ ಬಿತ್ತು.

"ಎಲ್ಲಿತ್ತು?"

"ದೇವರ ಮುಂದೆ."

"ಯಾವ ದೇವರ ಮುಂದೆ?"

"ಆಣೆ ಹಾಕಿದ್ನಲ್ಲ, ಅದೇ ದೇವರ ಮುಂದೆ."

ಎಲ್ಲಾ ಹೇಳಿದೆ. ಕಿಟಕಿ, ಮರಳು, ಊದುಬತ್ತಿ, ನಾನು ಇವರನ್ನು ಹೊಗಳಿದ್ದು, ಒಂದನ್ನೂ ಬಿಡಲಿಲ್ಲ. "ತಪ್ಪಾಯ್ತು ರತ್ನಕ್ಕ. ನೀವು ಇನ್ನೊಂದ್ಸಲ ನೋಡು ಅಂದ್ರಿ. ನಾನು ನೋಡಲಿಲ್ಲ" ಅಂದೆ. ನೋಡದೇ ದೀಪ ಮುಟ್ಟಿದ್ದೆ, ಅಷ್ಟೇ ಅಲ್ಲವೇ ನನ್ನ ಪಾಪ.

ಅವರು ಬಿಲ್ಲೆಯನ್ನು ಸೆರಗಿನಲ್ಲಿ ಒರೆಸುತ್ತಾ ಹೇಳಿದರು: "ನನ್ನಮ್ಮ ಹೋಗೋ ತನಕ ಕೇಳ್ತಿದ್ಲು, ಬಿಲ್ಲೆ ಸಿಕ್ತಾ ಅಂತ. ಸಿಕ್ತು ಅಂತ ಸುಳ್ಳು ಹೇಳಿ ಕಳಿಸಿದೆ. ಇಷ್ಟು ದಿನ ಅದೇ ಕೊರೀತಿತ್ತು." ಮತ್ತೆ ಒರೆಸಿದರು. "ಸದ್ಯ, ಸುಳ್ಳಾಗಲಿಲ್ಲ."

"ದೀಪದ ಆಣೆ, ರತ್ನಕ್ಕ..."

"ಬಿಡೇ. ಅವನ ಮುಂದೇ ಇತ್ತು, ಅವನಿಗೆ ಕಾಣ್ತಿತ್ತು. ಅವನೇ ಏಳು ವರ್ಷ ಬಾಯಿ ಬಿಡಲಿಲ್ಲ ಅಂದ್ಮೇಲೆ ನಿನ್ನ ಬಯ್ಯೋಕೆ ನಾನ್ಯಾರು?"

ಇಷ್ಟು ಅಂದದ್ದೇ ತಡ, ಅವರಿಗೆ ಬೇರೊಂದು ಚಿಂತೆ ಹಿಡಿಯಿತು. "ಅಲ್ಲ ಗಿರಿಜಾ, ಏಳು ವರ್ಷ ದೇವರ ಸೇವೇಲಿ ಇದ್ದದ್ದು ಇದು. ಇನ್ನು ಇದರಲ್ಲಿ ಚಕ್ಕುಲಿ ಒತ್ತಿ ನಾವು ತಿನ್ನಬಹುದಾ?"

ಇಬ್ಬರೂ ಗಂಭೀರವಾಗಿ ಯೋಚನೆ ಮಾಡಿದೆವು. ಮನೆ ತುಂಬ ಕಟ್ಟದ ಸಾಮಾನು, ಬೆಳಿಗ್ಗೆ ಲಾರಿ. ನಾವು ಬಿಲ್ಲೆ ನಡುವೆ ಇಟ್ಟುಕೊಂಡು ಶಾಸ್ತ್ರ ಮಾತಾಡುತ್ತಾ ಕೂತೆವು. ಕಡೆಗೆ ನಾನು, "ಮೊದಲ ಒಬ್ಬೆ ಚಕ್ಕುಲಿ ಪೂರ್ತಿ ನೈವೇದ್ಯ ಮಾಡೋಣ. ಎರಡನೇ ಒಬ್ಬೆಯಿಂದ ನಮ್ಮದು" ಅಂದೆ.

"ಸರಿ ಆಗ್ತದೆ" ಅಂದರು ರತ್ನಕ್ಕ. ಆಮೇಲೆ ಒಳಗೆ ತಿರುಗಿ, "ಹೇಮಾ, ಆ ಹಿತ್ತಾಳೆ ಒರಳು ಯಾವ ಡಬ್ಬದಲ್ಲಿದೆ?"

ಸೊಸೆ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಅತ್ತೆ, ಇಪ್ಪತ್ತಾರು ಡಬ್ಬ ಇದೆ. ಅದರಲ್ಲಿ ಯಾವುದನ್ನ ಬಿಚ್ಚಲಿ? ನಿಮ್ಮ ಮಗನಿಗೆ ಹೇಳಿ ಮೊದಲು ಈ ಏಣಿಗೆ ಒಂದು ಗತಿ ಕಾಣಿಸಿ. ಲಾರಿಗೆ ಹಿಡಿಯಲ್ಲ."

ಗೋಡೆಗೆ ಒರಗಿ ಹೊಸ ಏಣಿಯೊಂದು ನಿಂತಿತ್ತು. ನಾನು ನೋಡಿದೆ. ರತ್ನಕ್ಕ ಬೇರೆ ಕಡೆ ನೋಡಿದರು.

"ಯಾವಾಗ ತಗೊಂಡ್ರಿ?"

"ನಿಮ್ಮನೇಲಿ ಕೇಳಬಾರದು ಅಂತ ತಗೊಂಡೆ. ಹತ್ತಿದ್ದು ಮೂರೇ ಸಲ. ನೀ ತಗೊಂಡು ಹೋಗು."

"ಬೇಡಿ ರತ್ನಕ್ಕ, ನಾನು ಮನೆ ಖಾಲಿ ಮಾಡ್ತಿದೀನಿ. ನನ್ನ ಹತ್ರ ಮೂರು ಚಕ್ಕುಲಿ ಒರಳಿದೆ. ನಿಮ್ಮನ್ನ ಕೇಳಬಾರದು ಅಂತ ತಂದದ್ದು."

"ಮೂರಾ!" ಏಳು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮುಂದೆ ನಕ್ಕರು. ಹೇಮಾಗೆ ಏನೂ ಅರ್ಥವಾಗಲಿಲ್ಲ. ಇಬ್ಬರು ಮುದುಕಿಯರು ಏಣಿ ನೋಡಿಕೊಂಡು ಯಾಕೆ ನಗುತ್ತಾರೆ ಅಂತ ಒಳಗೆ ಹೋದಳು.

ಬಿಲ್ಲೆಯನ್ನು ರತ್ನಕ್ಕ ಯಾವ ಡಬ್ಬಕ್ಕೂ ಹಾಕಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಟ್ಟಿಟ್ಟ ಕುಂಕುಮದ ಭರಣಿ ಹುಡುಕಿ ತೆಗೆದು ನನ್ನ ಹಣೆಗಿಟ್ಟರು. ನಾನು ಕಾಲು ಮುಟ್ಟಲು ಬಗ್ಗಿದರೆ, "ಸಾಕು, ಏಳು. ನಿನ್ನ ಸೊಂಟದ ಕಥೆ ಗೊತ್ತು" ಅಂದರು. ನನ್ನ ಬಟ್ಟಲಿನ ಬೆಲ್ಲವನ್ನು ತೆಗೆದಿಟ್ಟುಕೊಂಡು, ಅದೇ ಬಟ್ಟಲಿಗೆ ಒಂದು ಹಿಡಿ ಗೇರುಬೀಜ ಸುರಿದರು. ಎಲ್ಲೂ ಕೆರೆಕಟ್ಟೆಯ ಕಾಯಿದೆಯೇ.

"ಅಷ್ಟಮಿಗೆ ಬಾ. ಕೊಪ್ಪದಲ್ಲಿ ಬಸ್ಸು ಹತ್ತಿದ್ರೆ ಮುತ್ತಿನಕೊಪ್ಪದಲ್ಲಿ ಇಳಿಯೋದು. ಹಿಟ್ಟು ನೀನು ತಾ, ಎಣ್ಣೆ ನಂದು. ಒರಳು ಅಷ್ಟೊತ್ತಿಗೆ ಯಾವುದಾದ್ರೂ ಡಬ್ಬದಲ್ಲಿ ಸಿಗ್ತದೆ."

"ಬರ್ತೀನಿ."

"ಬಾಯಲ್ಲಿ ಹೇಳ್ಬೇಡ. ಮನೆಗೆ ಹೋಗಿ ಆ ಮೂರನ್ನೂ ಇವತ್ತೇ ಯಾರಿಗಾದ್ರೂ ಕೊಟ್ಟುಬಿಡು. ಇಟ್ಕೊಂಡ್ರೆ ನೀ ಬರಲ್ಲ."

ಡಾಕ್ಟರು ಹೇಳಿದ್ದು ನಾಲ್ಕು ದಿನ ನನ್ನ ತಲೆಗೆ ಹೋಗಿರಲಿಲ್ಲ. ರತ್ನಕ್ಕ ಒಂದೇ ಮಾತಲ್ಲಿ ಹೇಳಿದರು. ಓಣಿಯ ತುದಿ ಮನೆಯ ಶಾಂತಾ ಈಚೆಗೆ ಕುರುಕಲು ತಿಂಡಿ ಮಾಡಿ ಅಂಗಡಿಗೆ ಹಾಕುತ್ತಾಳೆ. ಮೂರು ಒರಳನ್ನೂ ಚೀಲಕ್ಕೆ ಹಾಕಿ ಅವಳಿಗೆ ಕೊಟ್ಟು ಬಂದೆ. ತಿರುಪಿನದು ತಿರುಗುವುದಿಲ್ಲ ಅನ್ನುವುದನ್ನೂ ಹೇಳಿಯೇ ಕೊಟ್ಟೆ. ಒಂದೇ ದಿನ ಎರಡು ಪಾಪ ಕಟ್ಟಿಕೊಳ್ಳುವುದು ಬೇಡ.

ಮನೆಗೆ ಬಂದರೆ ಇವರು ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿ ಹಚ್ಚಿದ್ದರು. ಮುಖದಲ್ಲಿ ತಪ್ಪು ಮಾಡಿದವರ ಕಳೆ. "ಬಟ್ಟಲಿಗೆ ಬೇರೆ ಮುಚ್ಚಳ ನೋಡ್ಲಾ?" ಅಂದರು.

"ಬೇಡ ಮಾರಾಯ್ರೆ. ನೀವು ಏನೂ ನೋಡಬೇಡಿ."

ದೇವರಿಗೆ ಕೈಮುಗಿದೆ. ಕೇಳುವುದು ಏನೂ ಇರಲಿಲ್ಲ. ಲಾರಿ ನಾಳೆ ಬರುವುದು, ನಿನ್ನೆ ಬಂದಿರಲಿಲ್ಲ. ಹುಳಿ ಹಿಡಿದು ಕೂತದ್ದು ಇವತ್ತು, ನಾಡಿದ್ದಲ್ಲ. ಅವನು ಕೊಟ್ಟದ್ದನ್ನು ಎಣಿಸಿದರೆ ಅಷ್ಟೇ ಸಾಕಿತ್ತು. ಎದೆ ಮೇಲಿನ ಮೂಟೆಯನ್ನು ಹುಡುಕಿ ನೋಡಿದೆ. ಯಾರೋ ಎತ್ತಿಕೊಂಡು ಹೋಗಿದ್ದರು.

ಸಾರಿನ ಪುಡಿ ಮುಗಿದು ಎರಡು ದಿನವಾಗಿತ್ತು. ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದು ತೆಗೆದಿಟ್ಟೆ. ಬಾಣಲೆಗೆ ಒಂದು ಚಮಚ ಎಣ್ಣೆ ಬಿಟ್ಟು ಮೆಣಸಿನಕಾಯಿ ಹಾಕಿದೆ. ಎದುರು ಮನೆಯಲ್ಲಿ ಹಗ್ಗ ಬಿಗಿಯುವ ಸದ್ದು, "ನಿಧಾನ, ಅದು ಕನ್ನಡಿ" ಅನ್ನುವ ರತ್ನಕ್ಕನ ದನಿ ಕಿಟಕಿಯಲ್ಲಿ ಬರುತ್ತಿತ್ತು. ಘಾಟು ಎದ್ದು ಇವರು ಹೊರಗೆ ಸೀನಿದರು. ಮೆಣಸಿನಕಾಯಿ ಹುರಿಯುವವಳ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅದೂ ಒಂದು ದಯೆಯೇ. ಸೆರಗನ್ನು ಮೂಗಿಗೆ ಹಿಡಿದು, ಸೀಯದ ಹಾಗೆ ಮಗುಚುತ್ತಾ ನಿಂತೆ.